ಮಾಂಸ ಬಿಟ್ಟು ಉಳಿದದ್ದೆಲ್ಲ ರುಚಿ ನೋಡಲಾಗಿದೆ

ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ, ಮುಂಜಾನೆ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದ ಮ್ಯಾನೇಜರೊಬ್ಬರು, ಸ್ಟೇಕಿನ ಪಕ್ಕಕ್ಕೆ ಇಡುವ ಸಾಸನ್ನು ಮೂರು ವರ್ಷ ಚಮಚಗಟ್ಟಲೆ ಉಂಡರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನನ್ನನ್ನು ನಂಬದವರ ಸಾಲು ಭಂಕೂರಿನಿಂದ ಚಿಂಚೋಳಿಯವರೆಗೆ ಇದೆ. ಸಾಲಿನ ಮುಂದೆ ನನ್ನ ಹೆಂಡತಿ ನಿಂತಿದ್ದಾಳೆ. ನೀವು ಹಿಂದೆ ಹೋಗಿ ನಿಲ್ಲಿ. ಆದರೆ ಒಂದು ಪಂಥ ಕಟ್ಟುತ್ತೇನೆ. ಇಷ್ಟುದ್ದ ಹೇಳುವುದರಲ್ಲಿ ಒಂದೇ ಒಂದು ಸಂಗತಿ ನಾನು ಕಟ್ಟಿದ್ದು. ಅದು ಯಾವುದೆಂದು ಹಿಡಿದವನು ನನಗಿಂತ ದೊಡ್ಡ ಕಿಲಾಡಿ.

ನನ್ನ ಹೆಸರು ಮರೆಪ್ಪ. ಭಂಕೂರಿನ ದಲಿತ ಕೇರಿಯ ಬೌದ್ಧರ ಮನೆಯವನು. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಸುತ್ತಿಗೆ ಹೊಡೆದ. ನಾನು ಆ ಗೆಸ್ಟ್ ಹೌಸಿನಲ್ಲಿ ಪಾತ್ರೆ ತೊಳೆಯುವುದರಿಂದ ಶುರು ಮಾಡಿ ದೊಡ್ಡ ಅಡುಗೆಯವನಾಗಿ ನಿವೃತ್ತನಾದೆ. ನಡುವೆ ಹೇಗೆ ಮೇಲೆ ಬಂದೆ ಎನ್ನುವುದು ಬಿಡಿ. ನನ್ನ ಮೇಲಿದ್ದವರು ಕೆಲಸ ಬಿಟ್ಟು ಓಡಿಹೋದದ್ದೇ ಅದಕ್ಕೆ ಕಾರಣ. ಈಗ ಸೇಡಂ, ಶಹಾಬಾದಿನ ಹೊಸ ಹೋಟೆಲುಗಳು ಸಹ ಬೋರ್ಡಿನ ಮೇಲೆ ಸ್ಟೇಕ್ ಎಂದು ಬರೆಯುತ್ತವೆ. ಕೇಟರಿಂಗ್ ಕಲಿತ ಮಕ್ಕಳು ಮನೆಗೆ ಬಂದು, "ಕಾಕಾ, ಜೋಡಿಗಿ ಏನಿಡಬೇಕ್ರಿ, ಯಾ ಸಾಸ್ ಛಲೋ, ಕುಡ್ಯಾಕ ಏನ್ ಕೊಡಬೇಕು" ಎಂದು ಕೇಳುತ್ತಾರೆ. ಹೇಳಲು ಬಾಯಿ ತೆರೆದರೆ ಫೋನು ತೆಗೆದು ತಾಳೆ ನೋಡುತ್ತಾರೆ. ಫೋನಿಗೆ ನಾಲಿಗೆ ಇಲ್ಲ ಎನ್ನುವುದು ಇವರಿಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಸಂಶಯ ಒಂದನ್ನು ತೀರಿಸಿಬಿಡುತ್ತೇನೆ. ಅದು ಯಾವ ಮಾಂಸ ಎಂದು ಕಾರ್ಖಾನೆ ಕಾಲೋನಿಯ ಮಂದಿಯೆಲ್ಲ ಕಣ್ಣು ಸಣ್ಣದು ಮಾಡಿ ಕೇಳುತ್ತಿದ್ದರು. ಟಗರಿನ ತೊಡೆ. ಶಹಾಬಾದಿನ ಬಾಬುಮಿಯಾ ನನ್ನೆದುರಿಗೇ ಎಲುಬಿನ ಸಮೇತ ಅಡ್ಡ ಕೊಯ್ದು, ಎರಡು ಬೆರಳು ದಪ್ಪದ ತುಂಡು ಕೊಡುತ್ತಿದ್ದ. ಅದನ್ನು ಕಬ್ಬಿಣದ ಹಂಚಿನ ಮೇಲೆ ಹೊರಗೆ ಸುಟ್ಟು, ಒಳಗೆ ಕೆಂಪಗೆ ಉಳಿಸಿ ಕೊಡುವುದು. ಅಷ್ಟೇ ಸ್ಟೇಕು. ಮಾಂಸದ ಕೆಲಸ ಹತ್ತು ನಿಮಿಷದ್ದು. ಉಳಿದ ಮೂವತ್ತು ವರ್ಷ ನಾನು ತಲೆ ಕೆಡಿಸಿಕೊಂಡದ್ದು ಅದರ ಅಕ್ಕಪಕ್ಕಕ್ಕಾಗಿ.

ಹೊಸ ಭಟ್ಟಿ ಕೂಡಿಸಲು ಹೆನ್ರಿಕ್ ಎಂಬ ಎಂಜಿನಿಯರ್ ಚಳಿ ದೇಶದಿಂದ ಬಂದಿದ್ದರು. ಬಂದ ಮೊದಲ ವಾರವೇ ಸ್ಟೇಕ್ ಬೇಕೆಂದರು. ನಾನು ಒಂದು ಹಳೆಯ ಕ್ಯಾಲೆಂಡರಿನ ಚಿತ್ರ ನೋಡಿ ಕುದಿಸಿದ ಆಲೂಗಡ್ಡೆ ಇಟ್ಟೆ, ಬಾಟಲಿಯ ಟೊಮೆಟೊ ಸಾಸ್ ಸುರಿದೆ, ಫ್ರಿಜ್ಜಿನಿಂದ ತೆಗೆದ ಸೋಡಾ ಕೊಟ್ಟೆ. ಸಾಹೇಬರು ಎರಡು ತುಂಡು ತಿಂದು ಎದ್ದರು. ಪರದೆಯ ಹಿಂದೆ ನಿಂತು ನೋಡುತ್ತಿದ್ದ ನನಗೆ ಸಂಶಯ: ನಮ್ಮ ಕೈಯಡುಗೆಗೆ ಮೂಗು ಮುರಿಯುತ್ತಾನೆ ಇವ. ತಟ್ಟೆ ಒಳಗೆ ಬಂದ ಮೇಲೆ ಉಳಿದ ತುಂಡನ್ನು ನಾನೇ ತಿಂದೆ, ಮೇಲೆ ಆ ಸೋಡಾ ಕುಡಿದೆ. ಅಂಗುಳಿನ ತುಂಬ ಮೇಣ ಮೆತ್ತಿದ ಹಾಗಾಯಿತು. ಟಗರಿನ ಕೊಬ್ಬು ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ನಾನು ಅದನ್ನು ಸಾಹೇಬರ ಬಾಯೊಳಗೇ ಹೆಪ್ಪುಗಟ್ಟಿಸಿದ್ದೆ. ತಮ್ಮಂದಿರಾ, ಹಿಂದಿರುಗಿ ಬಂದ ತಟ್ಟೆಯನ್ನು ತಿಂದು ನೋಡದವನು ಅಡುಗೆಯವನಲ್ಲ, ಬರೀ ಬೆಂಕಿ ಹಚ್ಚುವವನು.

ತಟ್ಟೆ ಬಿಸಿ ಇರಬೇಕೆಂದು ಆಗ ತಿಳಿಯಿತು. ಪಿಂಗಾಣಿ ಬೇಗ ತಣ್ಣಗಾಗುತ್ತದೆ. ನಮ್ಮೂರ ಫರಸಿ ಕಲ್ಲಿಗಿಂತ ಬೇರೆ ತಟ್ಟೆ ಯಾಕೆ ಬೇಕು ಎಂದುಕೊಂಡೆ. ಗಣಿಯವನ ಮಗನಲ್ಲವೇ ನಾನು. ಒಂದು ಚೌಕ ಕಲ್ಲನ್ನು ಉಜ್ಜಿ ತೊಳೆದು ಒಲೆಯ ಮೇಲೆ ಚೆನ್ನಾಗಿ ಕಾಯಿಸಿದೆ, ಮೇಲೆ ಸ್ಟೇಕ್ ಇಟ್ಟು ಹಲಗೆಯ ಮೇಲೆ ಹೊತ್ತು ತಂದು ಮೇಜಿನ ಮೇಲೆ ಇಳಿಸಿದೆ. ಸಾಹೇಬರು ಫೋರ್ಕ್ ಎತ್ತಿದರು. ಕಲ್ಲು ಪಟಾಕಿಯಂತೆ ಸಿಡಿಯಿತು. ಒಂದು ಚೂರು ಗೋಡೆಯ ಗಡಿಯಾರಕ್ಕೆ ಬಡಿಯಿತು, ಸ್ಟೇಕ್ ಕುರ್ಚಿಯ ಕೆಳಗೆ ಹೋಯಿತು, ಅದರ ಹಿಂದೆಯೇ ಸಾಹೇಬರೂ ಹೋದರು. ಹೊರಗೆ ಬಂದು ಬಟ್ಟೆ ಝಾಡಿಸಿಕೊಂಡು, ತಮ್ಮ ಒಡಕು ಹಿಂದಿಯಲ್ಲಿ, ಈ ಕಲ್ಲನ್ನೇ ಸುಟ್ಟು ನಾವು ಸಿಮೆಂಟ್ ಮಾಡುತ್ತೇವೆ, ಅದು ಭಟ್ಟಿಯ ಕೆಲಸ, ನೀನು ಮೇಜಿನ ಮೇಲೆ ಶುರು ಮಾಡಬೇಡ ಎಂದರು.

ಆ ಸದ್ದಿಗೆ ಓಡಿ ಬಂದವರು ಅಣವೀರಪ್ಪನವರು. ಚಿತ್ತಾಪುರದವರು, ಗೆಸ್ಟ್ ಹೌಸಿಗೆ ಮ್ಯಾನೇಜರಾಗಿ ಬಂದು ಅಂದಿಗೆ ನಾಲ್ಕೇ ದಿನ. ಬಸವಣ್ಣನವರ ಭಕ್ತರು, ಕೊರಳಲ್ಲಿ ಲಿಂಗ, ಮಾಂಸದ ವಾಸನೆಗೂ ಮುಖ ತಿರುಗಿಸುವವರು. ಒಡೆದ ಕಲ್ಲನ್ನೂ ನನ್ನನ್ನೂ ನೋಡಿದರು.

"ಏನದು ಮರೆಪ್ಪ, ಕಲ್ಲ ಯಾಕ ಒಡದದ?"

"ಸ್ಟೇಕ್ ಜರಾ ಗಟ್ಟಿ ಆಗಿತ್ರಿ, ಸಾಹೇಬ್ರ."

"ಸುಳ್ಳ ಹೇಳಬ್ಯಾಡ."

"ನೀವು ಉಣ್ಣಂಗಿಲ್ಲಲ್ರಿ. ನಿಮಗ ಹ್ಯಾಂಗ ಗೊತ್ತಾಗಬೇಕು?"

ಅವರು ನಗಲಿಲ್ಲ. ನನ್ನನ್ನು ನೋಡಿದ ಆ ನೋಟ ಮಾತ್ರ ಮುಂದೆ ಮೂರು ವರ್ಷ ಬದಲಾಗಲಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವವನು ಎತ್ತಿನ ಹಲ್ಲು ನೋಡುತ್ತಾನಲ್ಲ, ಹಾಗೆ.

ಆಗ ಕಾರ್ಖಾನೆಯ ದೊಡ್ಡ ಆಫೀಸಿನಿಂದ ಹೊಸ ನಿಯಮ ಬಂದಿತ್ತು. ಬೇರೆ ಎಲ್ಲೋ ಒಂದು ಗೆಸ್ಟ್ ಹೌಸಿನಲ್ಲಿ ಊಟ ಮಾಡಿ ಅತಿಥಿಗಳ ಹೊಟ್ಟೆ ಕೆಟ್ಟಿತ್ತಂತೆ. ಇನ್ನು ಮೇಲೆ ಅತಿಥಿಯ ಮುಂದೆ ಹೋಗುವ ಪ್ರತಿ ಪದಾರ್ಥವನ್ನೂ ಮ್ಯಾನೇಜರ್ ಮೊದಲು ರುಚಿ ನೋಡಿ, ಒಂದು ಪುಸ್ತಕದಲ್ಲಿ ಸಹಿ ಮಾಡಬೇಕು. ಅಣವೀರಪ್ಪನವರು ನಿಯಮ ಮುರಿಯುವವರಲ್ಲ, ಮಾಂಸ ಮುಟ್ಟುವವರೂ ಅಲ್ಲ. ಎರಡು ದಿನ ಯೋಚನೆ ಮಾಡಿ, ಮುತ್ತಿನಂಥ ಅಕ್ಷರದಲ್ಲಿ ಬರೆದರು: "ಮಾಂಸ ಬಿಟ್ಟು ಉಳಿದದ್ದೆಲ್ಲ ರುಚಿ ನೋಡಲಾಗಿದೆ." ಕೆಳಗೆ ಸಹಿ. ಮಾಂಸದ ಎದುರಿಗೆ ಬಾಬುಮಿಯಾನ ಸಹಿ.

ಅಡುಗೆಮನೆಯ ನೆಲದ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆಸಿದರು. ಎಡಕ್ಕೆ ಮಾಂಸದ ಹಂಚು, ಬಲಕ್ಕೆ ಉಳಿದ ಅಡುಗೆ. ಬಲಗಡೆಯ ಸೌಟುಗಳಿಗೆ ಕೆಂಪು ದಾರ. ಎಡದ ಸೌಟು ಬಲಕ್ಕೆ ಬಂದರೆ ನನ್ನ ಕೆಲಸ ಹೋದ ಹಾಗೆ. ಈಗ ನಿಮ್ಮ ಪುಸ್ತಕ ತೆರೆದು ನೋಡಿ. ಸ್ಟೇಕ್ ಸುಟ್ಟ ಹಂಚಿನಲ್ಲಿ ಉಳಿದ ರಸದಿಂದಲೇ ಸಾಸ್ ಮಾಡಬೇಕು ಎಂದು ಬರೆದಿರುತ್ತದೆ. ಹೆನ್ರಿಕ್ ಸಾಹೇಬರೂ ಅದನ್ನೇ ಕೇಳಿದರು. ನಾನು ಹಾಗೆ ಮಾಡಿದರೆ ಮ್ಯಾನೇಜರು ರುಚಿ ನೋಡುವಂತಿಲ್ಲ. ನೋಡದಿದ್ದರೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ತಟ್ಟೆ ಹೊರಗೆ ಹೋಗುವುದಿಲ್ಲ. ಹೀಗಾಗಿ ಜಗತ್ತಿನಲ್ಲಿ ಯಾರೂ ಮಾಡದ ಕೆಲಸ ನನ್ನ ಪಾಲಿಗೆ ಬಂತು. ಸ್ಟೇಕಿನ ಸಾಸನ್ನು ಸ್ಟೇಕ್ ತಿನ್ನದ ನಾಲಿಗೆಗಾಗಿ ಮಾಡುವುದು.

ಮೊದಲು ಪುಂಡಿ ಸೊಪ್ಪು ಹಿಡಿದೆ. ನಮ್ಮ ಕಡೆ ಪುಂಡಿ ಪಲ್ಯ ಇಲ್ಲದ ಮನೆಯಿಲ್ಲ. ಹುಳಿ, ಕುಡಗೋಲಿನಷ್ಟೇ ಹರಿತ. ಬೇಯಿಸಿ, ಬೆಳ್ಳುಳ್ಳಿ, ಹಸಿಮೆಣಸು ಹಾಕಿ ನುಣ್ಣಗೆ ಅರೆದು, ಎಣ್ಣೆಯಲ್ಲಿ ಕೈಯಾಡಿಸಿ ಸಾಸಿನ ಹದಕ್ಕೆ ತಂದೆ. ಕೊಬ್ಬನ್ನು ಕತ್ತರಿಸುವುದಕ್ಕೆ ಇದಕ್ಕಿಂತ ಬೇರೆ ಹತಾರವಿಲ್ಲ. ರಸ ಹೀರಲಿಕ್ಕೆ ಆಲೂಗಡ್ಡೆ ಬಿಟ್ಟು ಜೋಳದ ನುಚ್ಚು ಇಟ್ಟೆ. ಮೆತ್ತಗೆ ಬೇಯಿಸಿ ಬೆಣ್ಣೆ ಹಾಕಿದ್ದು. ಹಲ್ಲಿಗೆ ಕೆಲಸ ಬೇಕಲ್ಲ, ಅದಕ್ಕೆ ಹಕ್ಕರಕಿ ಸೊಪ್ಪನ್ನು ಹಸಿಯಾಗಿಯೇ, ಮೇಲೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಉದುರಿಸಿ. ಮಳೆಗಾಲ ಮುಗಿದು ಚಳಿ ಬಂದರೆ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ. ಸಾಹೇಬರು ತೊಗರಿಕಾಯಿಯನ್ನು ಸಿಪ್ಪೆ ಸಮೇತ ಅಗಿದು, ಒಂದು ವಾರ ಸುಮ್ಮನಿದ್ದು, ಆಮೇಲೆ ಸುಲಿಯುವುದು ಹೇಗೆಂದು ಕೇಳಿದರು. ನಾನು ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ.

ಆದರೆ ನನ್ನ ಹೆಸರು ನಿಂತದ್ದು ಕರಿ ಸಾಸಿನಿಂದ. ಚಿಂಚೋಳಿ ಕಡೆಯ ಕೊಡ್ಲಿಯಿಂದ ಗುರೆಳ್ಳು, ಅಂದರೆ ಹುಚ್ಚೆಳ್ಳು, ತರಿಸುತ್ತಿದ್ದೆ. ಅದನ್ನು ಹದವಾಗಿ ಹುರಿದು, ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿ, ಸುಟ್ಟ ಒಣಕೊಬ್ಬರಿ, ಒಣಮೆಣಸಿನಕಾಯಿ, ಹುಣಸೆ, ಚೂರು ಬೆಲ್ಲ ಸೇರಿಸಿ ಅರೆದು ಕುದಿಸಿದರೆ, ಕಪ್ಪಗೆ, ಎಣ್ಣೆ ಬಿಟ್ಟುಕೊಂಡು, ಥೇಟ್ ಮಾಂಸದ ರಸದ ಹಾಗೆ ಕಾಣುತ್ತದೆ. ಮೊದಲ ದಿನ ಅಣವೀರಪ್ಪನವರು ಬಟ್ಟಲಿನ ಮೇಲೆ ಬಗ್ಗಿ ಐದು ನಿಮಿಷ ನೋಡಿದರು.

"ಈ ಎಣ್ಣಿ ಎಲ್ಲಿಂದು?"

"ಗುರೆಳ್ಳಿಂದೇ ರಿ."

"ಇಷ್ಟ ಕರಿ ಯಾಕ?"

"ಅದರ ಬಣ್ಣಾನೇ ಹಂಗರಿ. ನಾನೂ ಕರಿ ಇದೀನಿ, ನನ್ನ ಮ್ಯಾಲೂ ಸಂಶಯ ಏನ್ರಿ?"

"ನಿನ್ನ ಮ್ಯಾಲ ಮೊದಲ." ಅಂಗಿಯ ಜೇಬಿನಿಂದ ತಮ್ಮದೇ ಚಮಚ ತೆಗೆದರು. ಅದನ್ನು ಮನೆಯಿಂದ ತರುತ್ತಿದ್ದರು. ಅಂಗೈಗೆ ಹಾಕಿಕೊಂಡು ನೆಕ್ಕಿದರು. ಕಣ್ಣು ಮುಚ್ಚಿದರು, ತೆರೆದರು. "ಸಂಶಯ ಹೋಗಿಲ್ಲ. ಇನ್ನಷ್ಟ ಹಾಕು."

ಎರಡನೇ ಸಲವೂ ಸಂಶಯ ಹೋಗಲಿಲ್ಲ. ಮೂರನೇ ಸಲ ಜೋಳದ ರೊಟ್ಟಿಯ ಚೂರು ಕೇಳಿದರು. ರೊಟ್ಟಿಯ ಜೊತೆ ಪರೀಕ್ಷೆ ಮಾಡಬೇಕಂತೆ. ಮುಖದಲ್ಲಿ ನಗೆಯ ಗೆರೆಯೂ ಇಲ್ಲ. ಆ ದಿನ ನನಗೆ ಹೊಳೆಯಿತು, ಈ ಮನುಷ್ಯನೂ ನನ್ನ ಜಾತಿಯವನೇ. ಕಿಲಾಡಿಗಳ ಜಾತಿ. ಅಲ್ಲಿಂದ ಮೂರು ವರ್ಷ, ಅತಿಥಿ ಇರಲಿ ಬಿಡಲಿ, ಮಧ್ಯಾಹ್ನ ಹನ್ನೆರಡಕ್ಕೆ ಅವರು ಸುಣ್ಣದ ಗೆರೆಯ ಬಲಕ್ಕೆ ಬಂದು ನಿಲ್ಲುತ್ತಿದ್ದರು. ಅವರ ಸಂಶಯದ ಚಮಚಗಳಿಗಾಗಿ ನಾನು ಕಾಯುತ್ತಿದ್ದೆ. ಹುಳಿ ಒಂದು ಕೂದಲೆಳೆ ಹೆಚ್ಚಾದರೆ ಹಿಡಿಯುತ್ತಿದ್ದರು. ಗುರೆಳ್ಳು ನಿನ್ನೆ ಹುರಿದದ್ದೋ ಇವತ್ತು ಹುರಿದದ್ದೋ ಎಂದು ಹೇಳುತ್ತಿದ್ದರು. ಅಂಥ ನಾಲಿಗೆ ನನಗೆ ಮತ್ತೆ ಸಿಗಲಿಲ್ಲ.

ಕುಡಿಯುವುದರ ಮಾತು ಮರೆತೆ. ಸಾಹೇಬರಿಗೆ ಕೊರೆಯುವಷ್ಟು ತಣ್ಣಗಿನ ಬಿಯರ್ ಬೇಕು. ಕೊಟ್ಟರೆ ಮತ್ತೆ ಬಾಯಲ್ಲಿ ಮೇಣ. ಟಗರಿಗೆ ಬಿಸಿ ಪಾನೀಯವೇ ಸರಿ ಎಂದು ನನಗೆ ಹೇಳಿಕೊಟ್ಟವನು ಬಾಬುಮಿಯಾ. ಅವರ ಮನೆಯಲ್ಲಿ ಮಾಂಸದೂಟದ ಮೇಲೆ ಸುಲೈಮಾನಿ ಚಹಾ. ಹಾಲಿಲ್ಲದ್ದು, ನಿಂಬೆ ಹಿಂಡಿದ್ದು. ಆದರೆ ಚಹಾ ಎಂದರೆ ಸಾಹೇಬರು ಊಟದ ಜೊತೆ ಮುಟ್ಟುವುದಿಲ್ಲ. ವೈನ್ ಕುಡಿಯುವ, ಕಾಲಿರುವ ಗಾಜಿನ ಲೋಟದಲ್ಲಿ ಉಗುರು ಬೆಚ್ಚಗಿನ ಸುಲೈಮಾನಿ ಹಾಕಿ ಮುಂದಿಟ್ಟೆ. ಕೆಂಪಗಿದೆ, ತಿಳಿಯಾಗಿದೆ. ಸಾಹೇಬರು ಲೋಟ ತಿರುಗಿಸಿದರು, ಮೂಸಿದರು, ಒಂದು ಗುಟುಕು ಬಾಯಲ್ಲಿ ಹೊರಳಿಸಿ ನುಂಗಿದರು. ಎಷ್ಟು ಹಳೆಯದು ಎಂದು ಕೇಳಿದರು. ನಾನು ಮೂರು ಬೆರಳು ತೋರಿಸಿದೆ. ಮೆಚ್ಚಿ ತಲೆಯಾಡಿಸಿದರು. ಮೂರು ನಿಮಿಷ ಎಂದು ನಾನು ಯಾಕೆ ಬಿಡಿಸಿ ಹೇಳಲಿ? ಊರಿಗೆ ಹೊರಡುವ ದಿನದವರೆಗೂ ಅದನ್ನೇ ಕುಡಿದರು. ಇದು ಸುಳ್ಳು ಎಂದು ನಿಮಗೆ ಅನ್ನಿಸಿದರೆ, ಅಲ್ಲ. ಹುಡುಕುವುದನ್ನು ಮುಂದುವರಿಸಿ.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಕಲ್ಲು ಸಿಡಿದದ್ದು ಇದರ ಮುಂದೆ ಏನೂ ಅಲ್ಲ.

ಒಂದು ಮಧ್ಯಾಹ್ನ ಬಾಬುಮಿಯಾ ಮಾಂಸ ಕೊಟ್ಟು ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಅಣವೀರಪ್ಪನವರು ಕರಿ ಸಾಸಿನ ನಾಲ್ಕನೇ ಚಮಚದಲ್ಲಿದ್ದರು. ಆ ದಿನ ಅದು ನಿಜಕ್ಕೂ ಚೆನ್ನಾಗಿ ಬಂದಿತ್ತು. ಅವರು ಎಂದೂ ಹೊಗಳದವರು, "ಮರೆಪ್ಪ, ಇವತ್ತ ಏನೋ ಬ್ಯಾರೆ ಅದ, ಭಾಳ ಛಲೋ ಆಗ್ಯದ" ಎಂದರು. ಬಾಬುಮಿಯಾ ನನಗೆ ಕಣ್ಣು ಹೊಡೆದ. ನನ್ನ ನಾಲಿಗೆ ತುರಿಸಿತು.

"ಯಾಕ ಛಲೋ ಆಗ್ಯದ ಹೇಳ್ಲೇನ್ರಿ? ಎಡಗಡಿ ಹಂಚಿನ ರಸ ಎರಡ ಚಮಚ ಬಿದ್ದದ."

ಸೌಟು ಹಿಡಿದು ನನ್ನನ್ನು ಅಟ್ಟಿಸಿಕೊಂಡು ಬರುತ್ತಾರೆ, ನಾನು ಅಂಗಳದ ಸುತ್ತ ಓಡುತ್ತೇನೆ, ಆಮೇಲೆ ಇಲ್ರಿ ಎಂದು ಹೇಳುತ್ತೇನೆ, ಮೂವರೂ ನಗುತ್ತೇವೆ. ಹೀಗೆ ನನ್ನ ಲೆಕ್ಕ. ಅವರು ಚಮಚವನ್ನು ನಿಧಾನವಾಗಿ ಕಟ್ಟೆಯ ಮೇಲೆ ಇಟ್ಟರು.

"ಖರೇ ಏನು?"

ಅಲ್ಲೇ ನಿಲ್ಲಿಸಬೇಕಿತ್ತು. ಇನ್ನಷ್ಟು ಎಳೆದರೆ ಇನ್ನಷ್ಟು ಮಜಾ ಎಂದುಕೊಂಡೆ. "ಖರೇ ರಿ ಸಾಹೇಬ್ರ. ನಿಮ್ಮಾಣಿ."

ಅವರ ಮೇಲೆ ಆಣೆ ಇಟ್ಟಿದ್ದೆ. ಅವರು ಅಂಗಿಯ ಮೇಲಿಂದಲೇ ಎದೆಯ ಲಿಂಗವನ್ನು ಹಿಡಿದುಕೊಂಡರು. ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು, ಒಂದು ಸಲವಲ್ಲ, ಬಹಳ ಸಲ. ಆಮೇಲೆ ಬಾಗಿಲು ದಾಟಿ ತಮ್ಮ ಕ್ವಾರ್ಟರ್ಸಿನ ಕಡೆ ಹೋದರು. ಚಮಚ ಕಟ್ಟೆಯ ಮೇಲೆಯೇ ಉಳಿಯಿತು. ಬಾಬುಮಿಯಾನ ನಗು ಅರ್ಧಕ್ಕೆ ನಿಂತಿತ್ತು.

"ನಕ್ಕೋ ಮರೆಪ್ಪ ಭಾಯಿ, ಇದು ಬ್ಯಾಡ, ಹೋಗಿ ಹೇಳು ಜಲ್ದಿ" ಎಂದ.

ಓಡಿದೆ. ಅವರು ಹೊರಗಿನ ಪಡಸಾಲೆಯಲ್ಲಿ ಕೂತಿದ್ದರು. ಒದ್ದೆ ತಲೆ, ಮತ್ತೆ ಸ್ನಾನ ಮಾಡಿದ್ದರು.

"ಸಾಹೇಬ್ರ, ಮಜಾಕ್ ಮಾಡೀನ್ರಿ. ರಸ ಗಿಸ ಏನೂ ಹಾಕಿಲ್ಲ."

ಅವರು ಸಿಟ್ಟು ಮಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ಮರೆಪ್ಪ, ಆಗ ಹೇಳಿದ್ದು ಒಂದು, ಈಗ ಹೇಳ್ಲಿಕತ್ತಿದ್ದು ಒಂದು. ಎರಡರಾಗ ಒಂದು ಸುಳ್ಳ ಅದ. ಯಾವ್ದು ಅಂತ ನಾ ಹ್ಯಾಂಗ ತಿಳಕೋಬೇಕು?"

"ಈಗ ಹೇಳಿದ್ದು ಖರೇ ರಿ."

"ಆಗನೂ ಹಂಗೇ ಅಂದಿದ್ದಿ. ಆಣಿ ಇಟ್ಟು ಅಂದಿದ್ದಿ."

ಜೀವನವಿಡೀ ಸುಳ್ಳು ಹೇಳಿ ನಂಬಿಸಿದವನಿಗೆ ಒಂದು ನಿಜವನ್ನು ನಂಬಿಸುವುದು ಹೇಗೆಂದು ಗೊತ್ತಿರಲಿಲ್ಲ. ಬಾಬುಮಿಯಾನನ್ನು ಸಾಕ್ಷಿಗೆ ಕರೆದುಕೊಂಡು ಹೋದೆ. "ಅಲ್ಲಾ ಕಸಂ ಜೀ, ನಾ ನೋಡೀನಿ, ಏನೂ ಹಾಕಿಲ್ಲ" ಎಂದ. "ನೀ ಆಗ ನಗಾಕತ್ತಿದ್ದಿ ಮಿಯಾ" ಎಂದರು ಅಣವೀರಪ್ಪನವರು. ಎಡದ ಹಂಚನ್ನು ತಂದು ತೋರಿಸಿದೆ. ಅಂದು ಅದನ್ನು ಒಲೆಗೇ ಏರಿಸಿರಲಿಲ್ಲ. "ತೊಳದಿದ್ದೀ ಏನೋ" ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಮರುದಿನದಿಂದ ಹನ್ನೆರಡಕ್ಕೆ ಅವರು ಅಡುಗೆಮನೆಗೆ ಬರಲಿಲ್ಲ. ಪುಸ್ತಕದಲ್ಲಿ ಅದೇ ಮುತ್ತಿನಂಥ ಅಕ್ಷರ: "ರುಚಿ ನೋಡಿಲ್ಲ." ಹೆನ್ರಿಕ್ ಸಾಹೇಬರು ಎರಡು ದಿನ ಬ್ರೆಡ್ಡು, ಬಾಳೆಹಣ್ಣಿನ ಮೇಲೆ ಕಳೆದರು. ಹೈದರಾಬಾದಿನಿಂದ ಬೇರೆ ಅಡುಗೆಯವನನ್ನು ತರಿಸುತ್ತಾರಂತೆ ಎಂದು ಸುದ್ದಿ ಹಬ್ಬಿತು. ನಾನು ಗಂಟು ಕಟ್ಟಲು ತಯಾರಾದೆ. ಮೂರನೇ ದಿನ ತಿಳಿಯಿತು, ಅಣವೀರಪ್ಪನವರೇ ಮೇಲಿನವರಿಗೆ ಚೀಟಿ ಬರೆದಿದ್ದಾರೆ: ಅಡುಗೆ ಶುಚಿಯಾಗಿದೆ, ಅಡುಗೆಯವನ ತಪ್ಪಿಲ್ಲ, ನನ್ನ ಸ್ವಂತ ಕಾರಣಕ್ಕೆ ರುಚಿ ನೋಡಲಾಗುವುದಿಲ್ಲ, ಕೋಣೆ ಕೆಲಸದ ಶಾಂತಾಬಾಯಿಗೆ ಆ ಕೆಲಸ ಕೊಡಿ.

ಕೆಲಸ ಉಳಿಯಿತು. ಶಾಂತಾಬಾಯಿ ಒಳ್ಳೆಯ ಹೆಂಗಸು. ಏನು ಕೊಟ್ಟರೂ ತಿಂದು, "ಭಾಳ ಛಲೋ ಅದ ಅಣ್ಣಾ" ಎನ್ನುತ್ತಿದ್ದಳು. ಹುಳಿ ಹೆಚ್ಚಾದ ದಿನವೂ, ಕರಿ ಸಾಸು ತಳ ಹತ್ತಿದ ದಿನವೂ ಅದೇ ಮಾತು. ಆರು ತಿಂಗಳಲ್ಲಿ ನನ್ನ ಕೈ ಸಡಿಲಾಯಿತು. ನಿಮಗೆ ಹೇಳುತ್ತೇನೆ ಕೇಳಿ: ಹೊಗಳುವವರು ಹೋಟೆಲಿನ ತುಂಬ ಸಿಗುತ್ತಾರೆ. ನಿಮ್ಮನ್ನು ಸಂಶಯದಿಂದ ನೋಡುವ ಒಬ್ಬನನ್ನು ಅಡುಗೆಮನೆಯಲ್ಲಿ ಇಟ್ಟುಕೊಳ್ಳಿ. ಅವನ ಜೊತೆ ಮಾತ್ರ ಆಟ ಆಡಬೇಡಿ.

ಅಷ್ಟರಲ್ಲಿ ಕಾಲೋನಿಯಲ್ಲಿ ಬೇರೆ ಮಾತು ಶುರುವಾಯಿತು. ಮ್ಯಾನೇಜರು ಮನೆಯಿಂದ ಡಬ್ಬಿ ತರುತ್ತಿದ್ದಾರೆ, ಮರೆಪ್ಪನ ಕೈಯದು ಉಣ್ಣುವುದಿಲ್ಲ. ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನ್ನ ಹೆಂಡತಿ ಮಾತ್ರ ಹೇಳಿದಳು. "ನಿಮ್ಮ ಮಜಾಕಿನಿಂದ ಒಂದು ನೆವ ಸಿಕ್ಕಿತು ಅವರಿಗಿ. ಅವರಿಗಿ ಮೊದಲಿಂದೂ ಮನಸ್ಸಿನ್ಯಾಗ ಇತ್ತು."

ಆ ಮಾತು ಮುಳ್ಳಿನಂತೆ ಕೂತಿತು. ಮೂರು ವರ್ಷದ ಪ್ರತಿ ಚಮಚವನ್ನೂ ತಿರುಗಿ ನೋಡತೊಡಗಿದೆ. ಸ್ವಂತ ಚಮಚ ಯಾಕೆ ತರುತ್ತಿದ್ದರು? ಅಂಗೈಗೆ ಹಾಕಿಕೊಂಡು ಯಾಕೆ ನೆಕ್ಕುತ್ತಿದ್ದರು? ಬಟ್ಟಲಿಗೆ ಬಾಯಿ ತಾಗಬಾರದೆಂದೋ, ನನ್ನ ಬಟ್ಟಲೆಂದೋ? ಸಂಶಯ ಒಮ್ಮೆ ಹೊತ್ತಿಕೊಂಡರೆ ಅದಕ್ಕೆ ಕಟ್ಟಿಗೆ ಹಾಕುವುದೇ ಬೇಡ.

ಅವರ ನಿವೃತ್ತಿಗೆ ವಾರವಿರುವಾಗ ಆಫೀಸಿಗೆ ಹೋಗಿ ನಿಂತೆ.

"ಸಾಹೇಬ್ರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಉಣ್ಣೂದು ಬಿಟ್ಟಿದ್ದು ನನ್ನ ಸುಳ್ಳಿಗೇನ್ರಿ, ನನ್ನ ಕೈಗೇನ್ರಿ?"

ಅವರು ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿದರು.

"ಕುಂದರು" ಎಂದರು. ಕೂತೆ. "ಮೂರು ವರ್ಷ ನಿನ್ನ ಕೈಯಾಗ ಉಂಡೆ. ನನ್ನ ತಮ್ಮಗ ಗೊತ್ತಾತು. ಅವ ಅಂದ, ಅಣ್ಣಾ, ಅಲ್ಲಿ ಎಡ ಬಲ ಯಾರು ನೋಡ್ತಾರ, ಒಂದಿನ ನಿನ್ನ ಬಾಯಾಗ ಹಾಕೇ ಹಾಕ್ತಾರ ಅವರು. ನಾ ಅಂದೆ, ಮರೆಪ್ಪ ಏನರ ಮಾಡ್ಯಾನು, ಅದು ಮಾಡಂಗಿಲ್ಲ. ಮನ್ಯಾಗ ಎಲ್ಲಾರ ಮುಂದ ಅಂದೀನಿ. ಹಬ್ಬಕ್ಕ ಜಗಳ ಆಗ್ಯದ ಇದೇ ಮಾತಿಗಿ." ಕನ್ನಡಕ ಹಾಕಿಕೊಂಡರು. "ಆವತ್ತ ಮನಿಗಿ ಹೋಗಿ ನಾ ಏನ್ ಹೇಳಬೇಕಿತ್ತು? ನೀನೇ ಹೇಳು."

ನಾನು ಚೇಷ್ಟೆ ಮಾಡಿದ್ದು ಅವರ ನಾಲಿಗೆಯ ಜೊತೆ ಎಂದುಕೊಂಡಿದ್ದೆ. ಅವರು ತಮ್ಮ ಮನೆಯಲ್ಲಿ ನನಗಾಗಿ ಒಂದು ಮಾತು ಒತ್ತೆ ಇಟ್ಟಿದ್ದರು. ಅದನ್ನು ನಾನೇ ಸುಟ್ಟಿದ್ದೆ.

ಅವರು ನಿವೃತ್ತರಾಗಿ ಚಿತ್ತಾಪುರಕ್ಕೆ ಹೋದರು. ಮುಂದಿನ ಸುಗ್ಗಿಯಲ್ಲಿ ಹೊಸ ಗುರೆಳ್ಳು ಬಂದಾಗ ನಾನು ಬಸ್ಸು ಹತ್ತಿದೆ. ಚೀಲದಲ್ಲಿ ಗುರೆಳ್ಳು, ಉಳ್ಳಾಗಡ್ಡಿ, ಕೊಬ್ಬರಿ. ಚಿತ್ತಾಪುರದ ಬಜಾರಿನಲ್ಲಿ ಕೊಂಡ ಹೊಸ ಹಂಚು, ಅದರ ಲೇಬಲ್ ಸಹ ಕಿತ್ತಿರಲಿಲ್ಲ. ಒಂದು ಸ್ಟೀಲ್ ಡಬ್ಬಿ. ಬಾಗಿಲು ತೆರೆದವರು ಅವರ ತಮ್ಮ ಚೆನ್ನಬಸಪ್ಪ. ಹೆಸರು ಹೇಳಿದೆ. ನನ್ನ ಕಾಲಿನಿಂದ ತಲೆಯವರೆಗೆ ನೋಡಿ, "ಅಣ್ಣಾ, ನಿನ್ನ ಗೆಸ್ಟ್ ಹೌಸಿನವ ಬಂದಾನ ನೋಡು" ಎಂದು ಒಳಗೆ ಕೂಗಿದರು.

ಅಣವೀರಪ್ಪನವರು ಬಂದರು. ಬಡವಾಗಿದ್ದರು. "ಏನೋ ಮರೆಪ್ಪ, ಹಂಚ ಹೊತಗೊಂಡ್ ಬಂದೀದಿ?"

"ನಿಮ್ಮ ಅಂಗಳದಾಗ, ನಿಮ್ಮ ಕಣ್ಣ ಮುಂದ ಕರಿ ಸಾಸ್ ಮಾಡ್ತೀನ್ರಿ. ಆವತ್ತಿಂದು ಇದೇ ಹೌದೋ ಅಲ್ಲೋ ನೋಡಿ ಹೇಳ್ರಿ. ನಿಮ್ಮ ನಾಲಿಗಿ ಒಂದೇ ಸಾಕ್ಷಿ ಉಳದದ ನನಗ."

ಚೆನ್ನಬಸಪ್ಪ ಏನೋ ಹೇಳಲು ಹೋದರು. ಅಣ್ಣ ಕೈ ಮಾಡಿ ತಡೆದರು. "ಮಾಡ್ಲಿ ಬಿಡು."

ಮೂರು ಕಲ್ಲು ಹೂಡಿ ಬೆಂಕಿ ಹಾಕಿದೆ. ಅವರ ಬಾವಿಯ ನೀರು, ಅರೆಯಲು ಅವರ ಒಳ್ಳು, ಅವರ ಉಪ್ಪು. ಚೆನ್ನಬಸಪ್ಪ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಪ್ರತಿ ಹಿಡಿಯನ್ನೂ ನೋಡುತ್ತಿದ್ದರು. ಅಣ್ಣ ಹೊರಸಿನ ಮೇಲೆ ಕೂತು ವಾಸನೆ ಮಾತ್ರ ತೆಗೆದುಕೊಳ್ಳುತ್ತಿದ್ದರು. ಗುರೆಳ್ಳು ಹೊತ್ತುವ ಮೊದಲು ಇಳಿಸಬೇಕು. ಆ ಗಳಿಗೆ ತಪ್ಪಿಸದೆ ಇಳಿಸಿದೆ. ಅರೆದೆ, ಕುದಿಸಿದೆ, ಕಪ್ಪಗೆ ಎಣ್ಣೆ ಬಿಟ್ಟುಕೊಂಡಿತು. ಡಬ್ಬಿಗೆ ಹಾಕಿ ಅವರ ಮುಂದಿಟ್ಟೆ.

ಅವರು ಒಂದು ಚಮಚ ಅಂಗೈಗೆ ಹಾಕಿಕೊಂಡು ನೆಕ್ಕಿದರು. ಕಣ್ಣು ಮುಚ್ಚಿದರು. ಕಣ್ಣು ತೆರೆದು ತಮ್ಮನ ಕಡೆ ತಿರುಗಿದರು. "ಚೆನ್ನಬಸೂ, ಆವತ್ತಿನ ರುಚಿ ಇದೇ. ಎಳ್ಳಷ್ಟೂ ಫರಕಿಲ್ಲ. ಇವ ಹಾಕಿದ್ದಿಲ್ಲ."

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಹೇಳುವಾಗೆಲ್ಲ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಪಂಥ ಕಟ್ಟಿದ್ದೇನಲ್ಲ.

ಕಲ್ಲು ಸಿಡಿದದ್ದು ನಿಜ, ಸುಲೈಮಾನಿ ನಿಜ, ನಾನು ಚಿತ್ತಾಪುರಕ್ಕೆ ಹೋದದ್ದು, ಅಂಗಳದಲ್ಲಿ ಅರೆದು ಕುದಿಸಿದ್ದು ನಿಜ. ಅವರು ರುಚಿ ನೋಡಿದರು ಎಂಬುದು ನಾನು ಕಟ್ಟಿದ್ದು. ಡಬ್ಬಿ ಮುಂದಿಟ್ಟಾಗ ಅವರು ಅದನ್ನೂ ನನ್ನನ್ನೂ ನೋಡಿ, "ಇಟ್ಟು ಹೋಗು ಮರೆಪ್ಪ, ಬಸ್ಸಿನ ಹೊತ್ತಾತು" ಎಂದರು. ಇಟ್ಟು ಬಂದೆ. ಮೂರನೆಯ ದಿನ ಚಿತ್ತಾಪುರದ ಬಸ್ಸಿನ ಕಂಡಕ್ಟರ್ ಡಬ್ಬಿಯನ್ನು ತಂದುಕೊಟ್ಟ. ನಮ್ಮ ಕಡೆ, ಬಂದ ಡಬ್ಬಿಯನ್ನು ಬರಿದಾಗಿ ಮರಳಿ ಕಳಿಸುವುದಿಲ್ಲ. ಒಳಗೆ ಒಂದು ಹಿಡಿ ಹೊಸ ತೊಗರಿಬೇಳೆ ಇತ್ತು. ಬೇಳೆ ತೆಗೆದಿಟ್ಟು ಡಬ್ಬಿಯನ್ನು ಮೂಸಿ ನೋಡಿದೆ. ಚೆನ್ನಾಗಿ ತೊಳೆದಿದ್ದರು. ಉಂಡು ತೊಳೆದರೋ ಚೆಲ್ಲಿ ತೊಳೆದರೋ, ತೊಳೆದ ಡಬ್ಬಿ ಹೇಳುವುದಿಲ್ಲ.